ಲೆನ್ಸ್ ಎಷ್ಟು ವರ್ಷ ಬಾಳುತ್ತದೆ? ಪರೀಕ್ಷಿಸುವುದು, ಕಾಪಾಡುವುದು ಹೇಗೆ?

ಕ್ಯಾಮೆರಾ ಬಾಡಿಯ ಆಯಸ್ಸಿಗೆ ಒಂದು ಲೆಕ್ಕವಿದೆ. ಅದರ ಶಟರ್ ಒಂದು ಲಕ್ಷ ಅಥವಾ ಎರಡು ಲಕ್ಷ ಬಾರಿ ತೆರೆದು ಮುಚ್ಚುವಷ್ಟು ತಾಳಿಕೆಯದು ಎಂದು ಎಷ್ಟೋ ಮಾದರಿಗಳಿಗೆ ತಯಾರಕರೇ ಹೇಳಿರುತ್ತಾರೆ; ಹಳೆಯ ಬಾಡಿ ಕೊಳ್ಳಲು ಹೋದವರು ಮೊದಲು ಕೇಳುವುದೂ ಶಟರ್ ಕೌಂಟ್ ಎಷ್ಟೆಂದೇ. ಲೆನ್ಸ್‌ಗೆ ಇಂಥ ಮೀಟರ್ ಇಲ್ಲ. ನಿಕಾನ್ 1959ರಲ್ಲಿ ಎಫ್ ಮೌಂಟ್ (ಲೆನ್ಸ್ ಅನ್ನು ಬಾಡಿಗೆ ಕೂಡಿಸುವ ಜೋಡಣೆ) ಪರಿಚಯಿಸಿದ ಕಾಲದ ಲೆನ್ಸ್‌ಗಳಿಂದ ಇವತ್ತಿಗೂ ಚಿತ್ರ ತೆಗೆಯುವವರಿದ್ದಾರೆ. ಕೆಲವೇ ಮಳೆಗಾಲ ಕಂಡ, ಕ್ಯಾಮೆರಾ ಜೊತೆಗೇ ಬಂದ ಕಿಟ್ ಲೆನ್ಸ್ ಫಂಗಸ್ ಹಿಡಿದು ಮೂಲೆ ಸೇರಿರುವುದೂ ಕರಾವಳಿ, ಮಲೆನಾಡಿನ ಮನೆಗಳಲ್ಲಿ ಅಪರೂಪವಲ್ಲ. ಆದ್ದರಿಂದ ಇಷ್ಟೇ ವರ್ಷ ಎಂದು ಒಂದು ಸಂಖ್ಯೆ ಹೇಳುವುದಕ್ಕಿಂತ, ನಮ್ಮ ಕೈಯಲ್ಲಿರುವ ಲೆನ್ಸ್‌ನ ಯಾವ ಭಾಗ ಮೊದಲು ಸೋಲುತ್ತದೆ ಎಂದು ತಿಳಿದು, ಅದನ್ನು ಆಗಾಗ ಪರೀಕ್ಷಿಸುವುದೇ ಉಪಯುಕ್ತ.

ಮೊದಲು: ಯಾವ ಬಗೆಯ ಲೆನ್ಸ್ ಎಂದು ಗುರುತಿಸಿಕೊಳ್ಳಿ

ಗಾಜು ಬಹುಮಟ್ಟಿಗೆ ಸವೆಯುವುದಿಲ್ಲ. (1960–70ರ ದಶಕದ ಕೆಲವು ಟಾಕುಮಾರ್ (ಪೆಂಟಾಕ್ಸ್ ಕ್ಯಾಮೆರಾಗಳ) ಲೆನ್ಸ್‌ಗಳ ಗಾಜಿನಲ್ಲಿ ವಿಕಿರಣಶೀಲ ಥೋರಿಯಂ ಇದ್ದುದರಿಂದ ಅವು ಕಾಲಕ್ರಮೇಣ ಹಳದಿಗೆ ತಿರುಗಿದವು, ಅತಿನೇರಳೆ ದೀಪದ ಕೆಳಗೆ ಕೆಲವು ದಿನ ಇಟ್ಟರೆ ಆ ಹಳದಿ ಬಹುಪಾಲು ಇಳಿಯುತ್ತದೆ. ಇದು ಅಪವಾದ.) ವಯಸ್ಸಾಗುವುದು ಗಾಜಿನ ಸುತ್ತಲಿನ ವಸ್ತುಗಳಿಗೆ. ರಿಂಗ್‌ಗಳು ಸಲೀಸಾಗಿ ತಿರುಗಲೆಂದು ಹಾಕಿದ ಗ್ರೀಸ್ ಒಣಗಿ ಬಿಗಿಯಾಗುತ್ತದೆ, ಇಲ್ಲವೇ ಅದರ ಎಣ್ಣೆ ಬೇರ್ಪಟ್ಟು, ಬೆಳಕು ಬರುವ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ಅಪರ್ಚರ್ ಬ್ಲೇಡ್‌ಗಳಿಗೆ ಅಂಟುತ್ತದೆ. ಎರಡು ಗಾಜುಗಳನ್ನು ಜೋಡಿಸಿದ ಅಂಟು ಬಿಡುತ್ತದೆ. ಜೂಮ್ ರಿಂಗ್‌ನ ರಬ್ಬರ್ ಹಿಗ್ಗಿ ಸಡಿಲವಾಗುತ್ತದೆ. ಆಟೋಫೋಕಸ್ ಮೋಟಾರ್, ಕೈನಡುಕ ತಡೆಯುವ ಸ್ಟೆಬಿಲೈಸೇಶನ್ ಘಟಕ, ಜೂಮ್ ಮಾಡಿದಂತೆಲ್ಲ ಮಡಚಿ ಬಿಚ್ಚುವ ತೆಳು ಕೇಬಲ್, ಇವೆಲ್ಲ ಬಳಕೆಯಿಂದಲೇ ಸವೆಯುವಂಥವು.

ಇದರಿಂದ ಒಂದು ಅಂದಾಜು ಹುಟ್ಟುತ್ತದೆ. ಪೂರ್ತಿ ಕೈಯಿಂದಲೇ ಫೋಕಸ್ ಮಾಡುವ, ಲೋಹದ ಕವಚದ ಲೆನ್ಸ್ ನಡುನಡುವೆ ಗ್ರೀಸ್ ಬದಲಿಸಿಕೊಂಡು ಅರ್ಧ ಶತಮಾನ ದಾಟಬಲ್ಲದು. ಮೋಟಾರ್ ಇರುವ ಲೆನ್ಸ್, ಹವ್ಯಾಸಿಯ ಕೈಯಲ್ಲಿ ಹತ್ತು ಹದಿನೈದು ವರ್ಷ ತಕರಾರಿಲ್ಲದೆ ನಡೆದರೆ ಆಶ್ಚರ್ಯಪಡಬೇಕಿಲ್ಲ. ಆದರೆ ವಾರವಾರ ಮದುವೆ ಕೆಲಸ ಹಿಡಿಯುವ ಸ್ಟುಡಿಯೊದವರು ತಮ್ಮ 24–70 ಅಥವಾ 70–200 ಎಂ.ಎಂ. ಜೂಮ್ ಲೆನ್ಸ್ ಐದಾರು ವರ್ಷಗಳಲ್ಲಿ ಒಮ್ಮೆಯಾದರೂ ದುರಸ್ತಿಗೆ ಹೋಗುತ್ತದೆ ಎಂದು ಎಣಿಸಿ ಹಣ ತೆಗೆದಿಡುವುದು ಕ್ಷೇಮ. ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಕ್ಯಾಮೆರಾಗಳಿಗೆಂದು ಬಂದ ಹೆಚ್ಚಿನ ಲೆನ್ಸ್‌ಗಳಲ್ಲಿ ಫೋಕಸ್ ರಿಂಗ್ ತಿರುಗಿಸಿದರೂ ಒಳಗಿನ ಗಾಜನ್ನು ಸರಿಸುವುದು ಮೋಟಾರೇ. ಮೋಟಾರ್ ಕೆಟ್ಟ ದಿನ ಅಂಥ ಲೆನ್ಸ್‌ನಲ್ಲಿ ಕೈಯಿಂದಲೂ ಫೋಕಸ್ ಮಾಡಲಾಗದು. ಬಹಳ ಕಾಲ ಇಟ್ಟುಕೊಳ್ಳುವ ಉದ್ದೇಶವಿದ್ದವರು ಕೊಳ್ಳುವ ಮುನ್ನವೇ ಇದನ್ನು ಯೋಚಿಸಬೇಕು.

ಎರಡನೆಯದು: ಟಾರ್ಚ್ ಹಿಡಿದು ಒಳಗೆ ನೋಡಿ

ಕತ್ತಲೆ ಕೋಣೆಯಲ್ಲಿ ಎರಡೂ ಕಡೆಯ ಮುಚ್ಚಳ ತೆಗೆಯಿರಿ. ಅಪರ್ಚರ್ ರಿಂಗ್ ಇದ್ದರೆ ಅದನ್ನು ಅತಿ ಅಗಲಕ್ಕೆ ತಿರುಗಿಸಿ. ನಿಕಾನ್ ಎಫ್ ಮೌಂಟ್‌ನ ಹಳೆಯ ಮಾದರಿಗಳಲ್ಲಿ ಹಿಂಬದಿಯ ಸಣ್ಣ ಲಿವರ್ ಅನ್ನು ಬೆರಳಿನಿಂದ ಸರಿಸಿದರೆ ಬ್ಲೇಡ್‌ಗಳು ತೆರೆದುಕೊಳ್ಳುತ್ತವೆ. ಈಗ ಹಿಂಬದಿಯಿಂದ ಓರೆಯಾಗಿ ಟಾರ್ಚ್ ಬೆಳಕು ಬಿಟ್ಟು ಮುಂದಿನಿಂದ ನೋಡಿ. ಬಿಳಿ ಚುಕ್ಕೆಗಳು ಕಂಡರೆ ಅದು ದೂಳು. ಎಲ್ಲ ಲೆನ್ಸ್‌ಗಳಲ್ಲೂ ಇರುತ್ತದೆ, ಚಿತ್ರದಲ್ಲಿ ಕಾಣುವುದಿಲ್ಲ, ಅದಕ್ಕಾಗಿ ಲೆನ್ಸ್ ಬಿಚ್ಚಿಸುವುದು ದಂಡ. ಜೇಡರ ಬಲೆಯಂತೆ ಕವಲೊಡೆದ ಎಳೆಗಳು ಕಂಡರೆ ಅದು ಫಂಗಸ್. ಇಡೀ ಗಾಜು ಸಮನಾಗಿ ಮಬ್ಬಾಗಿದ್ದರೆ ಒಳಗಿನ ಎಣ್ಣೆಯ ಆವಿ ಗಾಜಿನ ಮೇಲೆ ಕೂತಿದೆ ಎಂದು ಊಹಿಸಬಹುದು. ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣದ ಮಚ್ಚೆಯಿದ್ದರೆ ಅಂಟು ಬಿಟ್ಟಿರುವ ಸೂಚನೆ. ಇದರ ದುರಸ್ತಿ ಬಹು ಕಷ್ಟ, ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಅಂಥದ್ದನ್ನು ಬಿಟ್ಟುಬಿಡುವುದೇ ಲೇಸು.

ಅನಂತರ ದಿನಪತ್ರಿಕೆಯ ಒಂದು ಪೂರ್ಣ ಹಾಳೆಯನ್ನು ಗೋಡೆಗೆ ಚಪ್ಪಟೆಯಾಗಿ ಅಂಟಿಸಿ, ಟ್ರೈಪಾಡ್ ಮೇಲೆ ಕ್ಯಾಮೆರಾವನ್ನು ಗೋಡೆಗೆ ನೇರವಾಗಿಟ್ಟು, ಅತಿ ಅಗಲ ಅಪರ್ಚರ್‌ನಲ್ಲಿ ಒಂದು ಚಿತ್ರ ತೆಗೆಯಿರಿ. ನಾಲ್ಕು ಮೂಲೆಗಳ ಅಕ್ಷರಗಳೂ ಒಂದೇ ಸಮ ಸ್ಪಷ್ಟವಾಗಿರಬೇಕು, ಅಥವಾ ಒಂದೇ ಸಮ ಮಸುಕಾಗಿರಬೇಕು. ಎಡಗಡೆ ಚೊಕ್ಕ, ಬಲಗಡೆ ಕಲಸಿದಂತೆ ಇದ್ದರೆ ಯಾವಾಗಲೋ ಬಿದ್ದು ಒಳಗಿನ ಗಾಜು ವಾಲಿರಬಹುದು. ಹೊರಗೆ ಗೀರೂ ಇಲ್ಲದ ಲೆನ್ಸ್‌ನಲ್ಲೂ ಈ ದೋಷ ಇರಬಹುದು.

ಮೂರನೆಯದು: ತೇವದಿಂದ ಕಾಪಾಡಿ

ನಮ್ಮ ನಾಡಿನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಗಾಳಿಯ ತೇವಾಂಶ ಬಹುಕಾಲ ಶೇ 60–70 ದಾಟಿ ನಿಂತರೆ ಫಂಗಸ್ ಬೆಳೆಯಲು ಅನುಕೂಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗುಂಬೆ, ಮಡಿಕೇರಿ, ಮಂಗಳೂರಿನ ಕಡೆ ಅದಕ್ಕಿಂತ ಕಡಿಮೆಯಾಗುವ ದಿನಗಳೇ ವಿರಳ. ಫಂಗಸ್ ಸ್ರವಿಸುವ ಆಮ್ಲ ಮೊದಲು ಗಾಜಿನ ಮೇಲಿನ ಕೋಟಿಂಗ್ ಅನ್ನು ಕೊರೆಯುತ್ತದೆ. ಬೇಗ ಕಂಡುಹಿಡಿದರೆ ಒರೆಸಿ ತೆಗೆಯಬಹುದು, ತಡವಾದರೆ ಒರೆಸಿದ ಮೇಲೂ ಗುರುತು ಉಳಿಯುತ್ತದೆ.

ಲೆನ್ಸ್ ಇಡಲು ತೇವಾಂಶ ಶೇ 40–50 ಇರುವ ಜಾಗ ಸೂಕ್ತ. ವಿದ್ಯುತ್ ಡ್ರೈ ಕ್ಯಾಬಿನೆಟ್ ಕೊಳ್ಳಲಾಗದವರಿಗೆ ರಬ್ಬರ್ ಪಟ್ಟಿಯಿರುವ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಸಿಲಿಕಾ ಜೆಲ್ ಮತ್ತು ತೇವಾಂಶ ತೋರಿಸುವ ಸಣ್ಣ ಹೈಗ್ರೋಮೀಟರ್ ಸಾಕು. ನೀಲಿ ಸಿಲಿಕಾ ಜೆಲ್ ತೇವ ಕುಡಿದಾಗ ಗುಲಾಬಿಯಾಗುತ್ತದೆ, ಕಿತ್ತಳೆ ಬಣ್ಣದ್ದು ಹಸಿರಾಗುತ್ತದೆ. ಓವನ್‌ನಲ್ಲಿ ಸುಮಾರು 110–120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದೆರಡು ಗಂಟೆ ಕಾಯಿಸಿದರೆ ಮತ್ತೆ ಬಳಸಬಹುದು. ನೀಲಿಯದರಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷಕಾರಿ ಲವಣವಿರುವುದರಿಂದ ಅಡುಗೆಯ ಪಾತ್ರೆಯನ್ನು ಅದಕ್ಕೆ ಬಳಸಬಾರದು. ಹೆಚ್ಚು ಜೆಲ್ ಸುರಿದರೆ ಹೆಚ್ಚು ಒಳ್ಳೆಯದೆಂದೂ ಭಾವಿಸಬೇಡಿ. ಅತಿಯಾಗಿ ಒಣಗಿದ ಗಾಳಿ ಗ್ರೀಸ್ ಮತ್ತು ರಬ್ಬರ್‌ಗೆ ಹಿತವಲ್ಲ. ಬಟ್ಟೆಯ ಬೀರುವಿನಲ್ಲಿ, ಚರ್ಮದ ಚೀಲದಲ್ಲಿ, ನುಸಿಗುಳಿಗೆ ಅಥವಾ ಕರ್ಪೂರದ ಜೊತೆಯಲ್ಲಿ ಲೆನ್ಸ್ ಇಡಲೇಬಾರದು.

ಡಬ್ಬಕ್ಕಿಂತಲೂ ಪರಿಣಾಮಕಾರಿಯಾದುದು ಬಳಕೆ. ದಿನನಿತ್ಯ ಗಾಳಿ, ಬೆಳಕು ಕಾಣುವ ಲೆನ್ಸ್‌ಗೆ ಫಂಗಸ್ ಹಿಡಿಯುವುದು ಕಡಿಮೆ, ಅದರ ಗ್ರೀಸ್ ಕೂಡ ಒಂದೆಡೆ ಗಟ್ಟಿಯಾಗುವುದಿಲ್ಲ. ಕೆಲಸವಿಲ್ಲದಿದ್ದರೂ ಹದಿನೈದು ದಿನಕ್ಕೊಮ್ಮೆ ಹೊರತೆಗೆದು, ಫೋಕಸ್ ಮತ್ತು ಜೂಮ್ ರಿಂಗ್‌ಗಳನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ, ಎಲ್ಲ ಅಪರ್ಚರ್‌ಗಳಲ್ಲೂ ಒಂದೊಂದು ಚಿತ್ರ ತೆಗೆದಿಡಿ. ನೇರ ಬಿಸಿಲಿಗೆ ಇಡುವ ಹಳೆಯ ರೂಢಿ ಬೇಡ: ಲೆನ್ಸ್ ಭೂತಗನ್ನಡಿಯೂ ಹೌದು, ಬೆಂಕಿ ಹತ್ತಿಸೀತು.

ನಾಲ್ಕನೆಯದು: ಒರೆಸುವುದಕ್ಕೂ ಕ್ರಮವಿದೆ

ಮೊದಲು ರಬ್ಬರ್ ಬ್ಲೋವರ್‌ನಿಂದ ಗಾಳಿ ಹೊಡೆಯಿರಿ, ಅನಂತರ ಮೃದು ಬ್ರಷ್, ಕೊನೆಗೆ ಬೇಕೆನಿಸಿದರೆ ಮಾತ್ರ ಲೆನ್ಸ್ ದ್ರವವನ್ನು ಬಟ್ಟೆಗೆ ಹಾಕಿ ನಡುವಿನಿಂದ ಅಂಚಿಗೆ ಸುತ್ತುತ್ತ ಒರೆಸಿ. ದ್ರವವನ್ನು ನೇರವಾಗಿ ಗಾಜಿನ ಮೇಲೆ ಹಾಕಿದರೆ ಅದು ಅಂಚಿನಿಂದ ಒಳಗೆ ಇಳಿಯುತ್ತದೆ. ಬಾಯಿಂದ ಊದಿ ಅಂಗಿಯ ತುದಿಯಲ್ಲಿ ಒರೆಸುವವರ ಲೆನ್ಸ್‌ನಲ್ಲಿ ಗೀರುಗಳು ಸಹಜ. ಕಂಬಳದ ಗದ್ದೆಯಲ್ಲಿ ಚಿತ್ರ ತೆಗೆಯುವಾಗ ಕೆಸರುನೀರು ಸಿಡಿದೇ ಸಿಡಿಯುತ್ತದೆ. ಅಲ್ಲಿ ಹುಡ್ ಮತ್ತು ಯು.ವಿ. ಫಿಲ್ಟರ್ ಹಾಕಿಕೊಂಡು, ಕೆಸರೆಲ್ಲ ಫಿಲ್ಟರ್ ಮೇಲೆ ಉಳಿಯುವಂತೆ ಮಾಡಬೇಕು. ಮಲ್ಪೆಯಂಥ ಕಡಲತೀರದಿಂದ ಬಂದ ದಿನವೇ ಕವಚವನ್ನೂ ಮೌಂಟ್‌ನ ಸುತ್ತಲನ್ನೂ ತುಸು ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ, ಇಲ್ಲದಿದ್ದರೆ ಉಪ್ಪು ಸ್ಕ್ರೂಗಳನ್ನು ತಿನ್ನುತ್ತದೆ. ಎ.ಸಿ. ಕಲ್ಯಾಣ ಮಂಟಪದಿಂದ ಹೊರಗಿನ ಸೆಕೆಗೆ ಬರುವಾಗ ಬ್ಯಾಗಿನ ಜಿಪ್ ಹಾಕಿ ಅರ್ಧ ಗಂಟೆ ಬಿಟ್ಟರೆ ಗಾಜಿನ ಮೇಲೆ ನೀರಿನ ಹನಿ ಕೂರುವುದಿಲ್ಲ.

ಕೊನೆಯದು: ದುರಸ್ತಿಯೋ, ಬೀಳ್ಕೊಡುಗೆಯೋ?

ದುರಸ್ತಿಯ ಖರ್ಚು ಅದೇ ಲೆನ್ಸ್‌ನ ಸೆಕೆಂಡ್ ಹ್ಯಾಂಡ್ ಬೆಲೆಯ ಅರ್ಧ ಮೀರಿದರೆ ಮಾಡಿಸಬೇಡಿ ಎಂಬುದು ನನ್ನ ಸಲಹೆ. ಮೌಂಟ್ ಬದಲಾಯಿತೆಂಬ ಒಂದೇ ಕಾರಣಕ್ಕೆ ಮಾತ್ರ ಲೆನ್ಸ್ ಮಾರುವ ಅವಸರ ಬೇಡ. ಕ್ಯಾನನ್ 1987ರಲ್ಲಿ ಇ.ಎಫ್. ಮೌಂಟ್‌ಗೆ ಹೊರಳಿದಾಗ ಅದರ ಹಳೆಯ ಎಫ್.ಡಿ. ಲೆನ್ಸ್‌ಗಳು ಅನಾಥವಾದವು; ಆದರೆ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಮೌಂಟ್ ಮತ್ತು ಸೆನ್ಸರ್ ನಡುವಣ ಅಂತರ ಕಡಿಮೆಯಾದದ್ದರಿಂದ, ಸಾಧಾರಣ ಅಡಾಪ್ಟರ್ ಹಾಕಿದರೆ ಅವೇ ಲೆನ್ಸ್‌ಗಳು ಈಗ ಮತ್ತೆ ಕೆಲಸಕ್ಕೆ ಬರುತ್ತಿವೆ. ಬಿಡಿಭಾಗಗಳ ಸಂಗತಿ ಬೇರೆ. ಒಂದು ಮಾದರಿಯ ತಯಾರಿಕೆ ನಿಂತ ಕೆಲವು ವರ್ಷಗಳಲ್ಲಿ ಅದರ ಮೋಟಾರ್ ಮತ್ತು ಕೇಬಲ್ ಸರಬರಾಜೂ ನಿಲ್ಲುತ್ತದೆ. ಹಾಗಾಗಿ ನಿಮ್ಮ ಲೆನ್ಸ್‌ನ ತಯಾರಿಕೆ ನಿಂತಿದೆ ಎಂದು ಗೊತ್ತಾದ ಕೂಡಲೇ ಸರ್ವಿಸ್ ಸೆಂಟರ್‌ನಲ್ಲಿ ಬಿಡಿಭಾಗ ಇನ್ನೆಷ್ಟು ಕಾಲ ಸಿಗುತ್ತದೆ ಎಂದು ವಿಚಾರಿಸಿ, ರಿಂಗ್ ಬಿಗಿಯಾಗುವುದು, ಫೋಕಸ್ ತಡವರಿಸುವುದು ಮುಂತಾದ ಸಣ್ಣ ತೊಂದರೆಗಳಿದ್ದರೆ ಆಗಲೇ ಸರಿಪಡಿಸಿಕೊಳ್ಳಿ.