ಕೈತಪ್ಪಿನ ಖಾತೆ

ತಿಪಟೂರಿನಲ್ಲಿ ನಮ್ಮದೊಂದು ಸಣ್ಣ ಪ್ರೆಸ್ಸು. ನನ್ನನ್ನೂ ಸೇರಿಸಿ ನಾಲ್ಕೇ ಜನ. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ಬಿಲ್ ಬುಕ್ಕು, ಕರಪತ್ರ, ತಿಥಿ ಕಾರ್ಡು. ಇಷ್ಟರಲ್ಲೇ ನಾಲ್ಕು ಮನೆಯ ಒಲೆ ಉರಿಯಬೇಕು.

ಅಪ್ಪನ ಕಾಲದಲ್ಲಿ ಅದು ಸೀಸದ ಅಕ್ಷರದ ಮೊಳೆ ಜೋಡಿಸುವ ಪ್ರೆಸ್ಸು. ಟ್ರೆಡಲ್ ಮೆಷೀನಿನ ಸದ್ದಿಗೇ ನಾನು ಬೆಳೆದವನು. ಕಂಪೋಸಿಂಗ್ ಮಾಡುತ್ತಿದ್ದವರನ್ನು ಊರೆಲ್ಲ ಮೇಷ್ಟ್ರೇ ಅಂತ ಕರೆಯುತ್ತಿತ್ತು. ಅವರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಜನ ತಂದುಕೊಟ್ಟ ಚೀಟಿಯ ಕಾಗುಣಿತ ತಿದ್ದಿಯೇ ಮೊಳೆಗೆ ಕೈ ಹಾಕುತ್ತಿದ್ದರು, ಅದಕ್ಕೆ.

ನಾನು ಬಂದಮೇಲೆ ಕಂಪ್ಯೂಟರ್ ಬಂತು, ಸೆಕೆಂಡ್ ಹ್ಯಾಂಡ್ ಮಿನಿ ಆಫ್‌ಸೆಟ್ ಮೆಷೀನು ಬಂತು. ಸೀಸದ ಮೊಳೆಗಳನ್ನೆಲ್ಲ ಗುಜರಿಗೆ ತೂಕ ಹಾಕಿ ಕೊಟ್ಟೆ. ಆ ದಿನ ಮೇಷ್ಟ್ರು ಕೆಲಸಕ್ಕೆ ಬರಲಿಲ್ಲ. ಮರುದಿನ ಬಂದರು, ಆದರೆ ಮಾಡಿಸಲು ನನ್ನ ಹತ್ತಿರ ಕೆಲಸವೇ ಇರಲಿಲ್ಲ. ಕಾರ್ಡು ಎಣಿಸಿ, ಕವರಿಗೆ ಹಾಕಿ ಅಂತ ಕೊಟ್ಟೆ. ನೆನೆಸಿಕೊಂಡರೆ ಈಗಲೂ ನಾಚಿಕೆ.

ಅವರನ್ನು ಮತ್ತೆ ಅಕ್ಷರದ ಕೆಲಸಕ್ಕೆ ಕೂರಿಸಿದ್ದು ನನ್ನ ಬುದ್ಧಿಯಲ್ಲ, ಒಂದು ದೊಡ್ಡ ಎಡವಟ್ಟು.

ಒಂದು ವೈಶಾಖ. ತಿಂಗಳ ಪೂರ್ತಿ ಮುಹೂರ್ತ. ಟೈಪ್ ಮಾಡುವ ಹುಡುಗ ಹಳೇ ಕಾರ್ಡಿನ ಫೈಲ್ ತೆಗೆದು ಹೆಸರುಗಳನ್ನಷ್ಟೇ ಬದಲಾಯಿಸಿದ. ನಮ್ಮಲ್ಲಿ ಎಲ್ಲರೂ ಮಾಡುವುದೇ ಹಾಗೆ. ಅಚ್ಚಿಗೆ ಹಾಕುವ ಮೊದಲು ನಾನು ಪ್ರೂಫ್ ನೋಡಿದೆ, ಪಾರ್ಟಿಯವರೂ, ಅಂದರೆ ಕಾರ್ಡು ಮಾಡಿಸಿದವರೂ, ನೋಡಿ ಸಹಿ ಹಾಕಿದರು. ಆರುನೂರು ಕಾರ್ಡು ಹೋಯಿತು. ಮಾರನೇ ದಿನ ಸಂಜೆ ಹುಡುಗಿಯ ಚಿಕ್ಕಪ್ಪ ಬಂದು ಕಾರ್ಡನ್ನು ಮೇಜಿನ ಮೇಲಿಟ್ಟರು. ಹಳೇ ಕಾರ್ಡಿನಲ್ಲಿದ್ದ ‘ದಿ॥’ ಅಳಿಸದೆ ಹಾಗೇ ಉಳಿದಿತ್ತು. ಗಟ್ಟಿಮುಟ್ಟಾಗಿ ಓಡಾಡಿಕೊಂಡು ಛತ್ರ ನೋಡಲು ಹೋಗಿದ್ದ ಹುಡುಗಿಯ ಅಪ್ಪ ನಮ್ಮ ಕಾರ್ಡಿನಲ್ಲಿ ತೀರಿಕೊಂಡಿದ್ದರು.

ಅವರು ಬೈದಿದ್ದನ್ನು ಇಲ್ಲಿ ಬರೆಯುವುದಿಲ್ಲ.

ಅದೇ ಡಿಸೈನಿನ ಖಾಲಿ ಕಾರ್ಡು ನಮ್ಮಲ್ಲಿ ಒಂದೂ ಉಳಿದಿರಲಿಲ್ಲ. ರಾತ್ರಿ ರೈಲಿಗೆ ಬೆಂಗಳೂರಿಗೆ ಹೊರಟೆ. ಸುಲ್ತಾನ್‌ಪೇಟೆಯಲ್ಲಿ ಕಾರ್ಡಿನ ಅಂಗಡಿ ಬಾಗಿಲು ತೆಗೆಯುವವರೆಗೂ ಕಾದು, ಕಟ್ಟು ಹೊತ್ತುಕೊಂಡು ಮಧ್ಯಾಹ್ನ ವಾಪಸ್ ಬಂದೆ. ಅಷ್ಟರಲ್ಲಿ ಹುಡುಗ ಅಚ್ಚಿನ ಪ್ಲೇಟ್ ರೆಡಿ ಮಾಡಿಸಿದ್ದ. ಮೇಷ್ಟ್ರು ಯಾರೂ ಕೇಳದೆಯೇ ಪ್ರೂಫ್ ಹಿಡಿದು ಕೂತಿದ್ದರು. ಬೈಂಡಿಂಗ್ ನೋಡಿಕೊಳ್ಳುವ ಅಕ್ಕ ಮಗಳನ್ನೂ ಕರೆದುಕೊಂಡು ಬಂದಿದ್ದರು, ಮಡಿಸಿ ಕವರಿಗೆ ಹಾಕಲು. ರಾತ್ರಿ ಒಂಬತ್ತಕ್ಕೆ ಕಾರ್ಡು ಅವರ ಮನೆ ಸೇರಿತು. ಆಗಲೇ ಹಂಚಿದ್ದ ನಲವತ್ತು ಚಿಲ್ಲರೆ ಕಾರ್ಡುಗಳಿದ್ದವಲ್ಲ, ಹುಡುಗ ಪಟ್ಟಿ ಇಸ್ಕೊಂಡು ಬೈಕಿನಲ್ಲಿ ಮನೆಮನೆಗೆ ಹೋಗಿ ಬದಲಾಯಿಸಿಕೊಂಡು ಬಂದ. ಅದು ನಾನು ಹೇಳಿದ್ದಲ್ಲ.

ಮರುದಿನ ಅವನು, ‘ಅಣ್ಣಾ, ನನ್ನ ಸಂಬಳದಲ್ಲಿ ಹಿಡ್ಕೊಳ್ಳಿ’ ಅಂದ. ನಾನು ಬಾಯಿ ತೆಗೆಯುವ ಮೊದಲೇ ಅಕ್ಕ ಅಂದರು, ‘ಯಾಕೆ ಹಿಡೀಬೇಕು? ಪ್ರೂಫ್ ನೋಡಿದ್ದು ಇವರೂ ತಾನೆ?’ ಬೊಟ್ಟು ಮಾಡಿದ್ದು ನನ್ನ ಕಡೆಗೆ.

ಆವತ್ತಿನಿಂದ ನಮ್ಮ ಲೆಕ್ಕದ ಪುಸ್ತಕದಲ್ಲಿ ‘ಕೈತಪ್ಪು’ ಅಂತ ಒಂದು ಖಾತೆ ಇದೆ. ಹಾಳಾದ ಕಾಗದ, ಕಾರ್ಡು ಎಲ್ಲ ಅಲ್ಲಿಗೆ, ಪ್ರೆಸ್ಸಿನ ತಲೆ ಮೇಲೆ. ಯಾರ ಸಂಬಳಕ್ಕೂ ಕೈ ಹಾಕುವುದಿಲ್ಲ. ಹಾಕಿದರೆ ಏನಾಗುತ್ತೆ ಗೊತ್ತಾ? ತಪ್ಪು ಕಂಡವನು ಬಾಯಿ ಮುಚ್ಚಿಕೊಳ್ಳುತ್ತಾನೆ, ಕಟ್ಟು ಹಾಗೇ ಪಾರ್ಟಿಯ ಮನೆಗೆ ಹೋಗುತ್ತೆ. ಈಗ ಮೆಷೀನು ಓಡುತ್ತಿರುವಾಗಲೇ ‘ನಿಲ್ಸಿ, ನಿಲ್ಸಿ’ ಅಂತ ಕೂಗುತ್ತಾರೆ.

ಟೈಪ್ ಮಾಡಿದವನು ತನ್ನ ಪ್ರೂಫ್ ತಾನೇ ನೋಡುವಂತಿಲ್ಲ. ಅದು ಮೇಷ್ಟ್ರ ಪಾಲು. ಮೊಳೆ ಜೋಡಿಸುವ ಕಡ್ಡಿಯಲ್ಲಿ ತಲೆಕೆಳಗಾಗಿ ನಿಂತ ಮೊಳೆಗಳನ್ನೇ ವರ್ಷಗಟ್ಟಲೆ ಓದಿದ ಕಣ್ಣು ಅವರದು, ಒತ್ತಕ್ಷರ ಒಂದು ಕೂದಲಿನಷ್ಟು ಜಾರಿದ್ದರೂ ಸಿಗುತ್ತೆ. ಸಾಲಿನ ಕೊನೆಯ ಪದದಿಂದ ಹಿಂದಕ್ಕೆ ಓದುತ್ತಾರೆ. ಮುಂದಕ್ಕೆ ಓದಿದರೆ ಅರ್ಥದ ಹಿಂದೆ ಹೋಗುವ ಕಣ್ಣು ಅಕ್ಷರ ಬಿಟ್ಟುಬಿಡುತ್ತೆ ಅಂತಾರೆ.

2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗ ಈ ಕಣ್ಣು ನಮ್ಮನ್ನು ಕಾಪಾಡಿತು. ಆಗ ಆಷಾಢ, ಮದುವೆ ಕಾರ್ಡಿಲ್ಲದೆ ಕೈಕಟ್ಟಿ ಕೂರುವ ಕಾಲ. ಆದರೆ ಅಂಗಡಿಯವರ ಹಳೇ ಬಿಲ್ ಬುಕ್ಕೆಲ್ಲ ರದ್ದಿಗೆ ಬಂತು. ಎಲ್ಲರಿಗೂ ಹೊಸದು ಬೇಕು, ಪ್ರತಿಯೊಂದರಲ್ಲೂ 15 ಅಕ್ಷರ-ಅಂಕಿಗಳ ಜಿಎಸ್‌ಟಿ ನಂಬರು. ಒಂದು ಅಂಕಿ ತಪ್ಪಿದರೂ ಪುಸ್ತಕ ಪೂರ್ತಿ ವೇಸ್ಟು. ಹುಡುಗ ಗಟ್ಟಿಯಾಗಿ ಓದುತ್ತಿದ್ದ, ಮೇಷ್ಟ್ರು ಬೆರಳಿಟ್ಟು ನೋಡುತ್ತಿದ್ದರು, ಅಕ್ಕ ಪಕ್ಕದಲ್ಲಿ ನಂಬರಿಂಗ್ ಹೊಡೆಯುತ್ತಿದ್ದರು.

‘ನಾವೆಲ್ಲ ಮನೆಯವರ ಥರ’ ಅನ್ನುವ ಮಾಲೀಕರನ್ನು ಕಂಡರೆ ನನಗೆ ಸ್ವಲ್ಪ ಗುಮಾನಿ. ಹಾಗಂದುಕೊಂಡೇ ಸಂಬಳ ತಡ ಮಾಡುತ್ತಾರೆ. ನಮ್ಮಪ್ಪನೂ ಮಾಡುತ್ತಿದ್ದರು. ನಾನು ತಿಂಗಳ 5ಕ್ಕೆ ಕೊಟ್ಟುಬಿಡುತ್ತೇನೆ. ತಪ್ಪಿದ್ದು 2020ರ ಲಾಕ್‌ಡೌನಿನಲ್ಲಿ ಮಾತ್ರ. ಮದುವೆಗೆ 50 ಜನ ಅಂತ ಆದಮೇಲೆ ಕಾರ್ಡು ಯಾರಿಗೆ ಬೇಕು? ಲೆಕ್ಕದ ಪುಸ್ತಕ ಮೂವರ ಮುಂದೆ ಬಿಚ್ಚಿಟ್ಟೆ. ನನ್ನನ್ನೂ ಸೇರಿಸಿ ಎಲ್ಲರಿಗೂ ಅರ್ಧ ಅಂತ ಅವರೇ ತೀರ್ಮಾನ ಮಾಡಿದರು. ಹುಡುಗ ವಾಟ್ಸಾಪಿಗೆ ಕಳಿಸುವ ಕಾರ್ಡು ಮಾಡಿಕೊಡಲು ಶುರು ಮಾಡಿದ. ದುಡ್ಡು ಜಾಸ್ತಿ ಬರಲಿಲ್ಲ, ಆದರೆ ಪಾರ್ಟಿಗಳು ಕೈಬಿಟ್ಟು ಹೋಗಲಿಲ್ಲ. ಆ ಕಾರ್ಡುಗಳನ್ನೂ ಮೇಷ್ಟ್ರು ಮೊಬೈಲಿನಲ್ಲಿ ದೊಡ್ಡದು ಮಾಡಿಕೊಂಡು ತಿದ್ದುತ್ತಿದ್ದರು.

ಹುಡುಗನಿಗೆ ಈಗ ಇಬ್ಬರು ಮಕ್ಕಳು, ಆದರೂ ನಮಗೆ ಹುಡುಗನೇ. ಚೀಟಿಯಲ್ಲಿ ‘ದಿ॥’ ಕಂಡರೆ ಸಾಕು, ಪಾರ್ಟಿಗೆ ಫೋನ್ ಹಚ್ಚುತ್ತಾನೆ: ‘ಸಾರ್, ತಪ್ಪು ತಿಳ್ಕೋಬೇಡಿ, ನಿಮ್ಮ ತಂದೆಯವರು ನಿಜವಾಗಿಯೂ ಇಲ್ಲ ಅಲ್ವಾ?’ ಹೋದ ವಾರವೂ ಒಬ್ಬರು ಅದಕ್ಕೇ ಉಗಿದರು. ಮೇಷ್ಟ್ರು ಪ್ರೂಫಿನಿಂದ ತಲೆ ಎತ್ತದೆ, ‘ಉಗೀಲಿ ಬಿಡು’ ಅಂದರು.