ಹಲ್ಲಿಗೆ ಕ್ಲಿಪ್ ಹಾಕಿಸಿದ ಮೇಲೆ ಕಾಡುವ ಎರಡು ಬಗೆಯ ನೋವು

ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡವರು ‘ಹಲ್ಲು ನೋಯುತ್ತದೆ’ ಎನ್ನುವಾಗ, ಎರಡು ಬೇರೆ ಬೇರೆ ನೋವುಗಳಿಗೆ ಒಂದೇ ಹೆಸರಿಡುತ್ತಾರೆ. ಒಂದಕ್ಕೆ ಆಗುವ ಉಪಾಯ ಇನ್ನೊಂದಕ್ಕೆ ಆಗುವುದಿಲ್ಲವಾದ್ದರಿಂದ, ಮೊದಲು ಯಾವುದೆಂದು ಗುರುತಿಸಿಕೊಳ್ಳಬೇಕು.

ತಂತಿ ಬಿಗಿಸಿದ ಕೆಲವು ಗಂಟೆಗಳಲ್ಲಿ ಶುರುವಾಗಿ, ಸುಮಾರು 24 ಗಂಟೆಯ ಹೊತ್ತಿಗೆ ಹೆಚ್ಚಾಗಿ, ಸಾಮಾನ್ಯವಾಗಿ ವಾರದೊಳಗೆ ಇಳಿಯುವ ಮಂದ ನೋವು ಮೊದಲನೆಯದು. ಹಲ್ಲಿನ ಬೇರನ್ನು ದವಡೆಯ ಮೂಳೆಗೆ ಹಿಡಿದಿಡುವ ಎಳೆಗಳ ಮೇಲೆ ಒತ್ತಡ ಬೀಳುವುದರಿಂದ ಬರುವ ಇದು ಕಚ್ಚುವಾಗ ಹೆಚ್ಚು ತಿಳಿಯುತ್ತದೆ. ತಣ್ಣೀರೋ ಹುಳಿಯೋ ತಾಗಿದ ಕೂಡಲೇ ಚುಳ್ಳೆಂದು ಹಾಯ್ದುಹೋಗುವುದು ಎರಡನೆಯದು. ವಸಡು ಸರಿದು ಅಥವಾ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ ಸವೆದು ಒಳಗಿನ ಪದರವಾದ ಡೆಂಟಿನ್ ತೆರೆದುಕೊಂಡಾಗ, ಅದರ ಸೂಕ್ಷ್ಮ ನಾಳಗಳಲ್ಲಿರುವ ದ್ರವ ಅಲುಗಿ ನರವನ್ನು ಕೆಣಕುತ್ತದೆ.

ಮೊದಲ ನೋವಿಗೆ ಮೆತ್ತಗಿನ ಊಟವೇ ದೊಡ್ಡ ಆಸರೆ, ಮತ್ತು ಕೊಡಗಿನ ಅಡುಗೆಮನೆಯಲ್ಲಿ ಅದಕ್ಕೆ ಕೊರತೆಯಿಲ್ಲ. ನೂಲ್‌ಪುಟ್ಟು (ಅಕ್ಕಿ ಶಾವಿಗೆ) ಒಳ್ಳೆಯದು, ಕಡಂಬುಟ್ಟನ್ನು (ಅಕ್ಕಿ ತರಿಯ ಉಂಡೆ) ಸಣ್ಣಗೆ ಮುರಿದು ಸಾರಿನಲ್ಲಿ ನೆನೆಸಿ ಕೊಡಬಹುದು. ಪಂದಿ ಕರಿಯನ್ನು ಬಿಡಬೇಕಾಗಿಲ್ಲ, ಮೂಳೆ ತೆಗೆದು ಮಾಂಸವನ್ನು ಎಳೆ ಎಳೆಯಾಗಿ ಬಿಡಿಸಿದರೆ ಸಾಕು. ಬೆಚ್ಚಗಿನ ಒಂದು ಲೋಟ ನೀರಿಗೆ ಅರ್ಧ ಟೀ ಚಮಚ ಉಪ್ಪು ಬೆರೆಸಿ ಮುಕ್ಕಳಿಸಿದರೆ, ತಂತಿ ಹಿಡಿಯಲು ಹಲ್ಲಿಗೆ ಅಂಟಿಸಿದ ಬ್ರಾಕೆಟ್ ಉಜ್ಜಿದ ಕೆನ್ನೆಗೆ ಹಿತವಾಗುತ್ತದೆ. ನೋವಿನ ಮಾತ್ರೆಯನ್ನು ಮಕ್ಕಳಿಗೆ ತೂಕಕ್ಕೆ ತಕ್ಕಂತೆ, ವೈದ್ಯರನ್ನು ಕೇಳಿಯೇ ಕೊಡಬೇಕು. ಲವಂಗದ ಎಣ್ಣೆಯನ್ನು ಹಾಗೆಯೇ ಹಚ್ಚಿದರೆ ವಸಡು ಸುಡುತ್ತದೆ.

ಎರಡನೆಯದನ್ನು ನಾನು ತಡವಾಗಿ ಗುರುತಿಸಿದೆ. ಮಡಿಕೇರಿಯ ಮಂಜಿನ ಬೆಳಗುಗಳಲ್ಲಿ ಶಾಲೆಯ ಬಸ್ಸಿಗೆ ಕಾಯುವಾಗ ಮಗಳು ಸ್ವೆಟರಿನ ತೋಳನ್ನು ಬಾಯಿಗೆ ಒತ್ತಿಕೊಂಡು, ಕೇಳಿದ್ದಕ್ಕೆ ತಲೆಯಾಡಿಸುತ್ತ ನಿಲ್ಲುತ್ತಿದ್ದಳು. ಬಾಯಿ ತೆರೆದರೆ ಗಾಳಿ ತಾಗಿ ಹಲ್ಲು ಜುಮ್ಮೆನ್ನುತ್ತದೆ ಎಂದು ಅವಳು ಹೇಳಿದ್ದು ಎಷ್ಟೋ ದಿನಗಳ ಮೇಲೆ. ತಂತಿಯ ನೋವೇ ಇರಬೇಕೆಂದು ನಾನು ಸುಮ್ಮನಿದ್ದೆ. ವೈದ್ಯರು ಕನ್ನಡಿ ಹಿಡಿದಾಗ ಬ್ರಾಕೆಟ್ಟಿನ ಅಂಚಿನಲ್ಲಿ ಸುಣ್ಣ ತಾಗಿದಂಥ ಬಿಳಿ ಮಚ್ಚೆ ಕಂಡಿತು. ಅಲ್ಲಿ ಕೂತ ಪಾಚಿಯ ಆಮ್ಲ ಎನಾಮಲಿನ ಖನಿಜವನ್ನು ಕರಗಿಸತೊಡಗಿತ್ತು.

ಇದಕ್ಕೆ ಮೃದು ಬ್ರಶ್ಶನ್ನು ವಸಡಿನ ಕಡೆಗೆ ಓರೆಯಾಗಿ ಹಿಡಿದು ಬ್ರಾಕೆಟ್ಟಿನ ಮೇಲೂ ಕೆಳಗೂ ಉಜ್ಜಬೇಕು, ತಂತಿಯ ಹಿಂದೆ ಸಂದಿಯ ಸಣ್ಣ ಬ್ರಶ್ ಆಡಿಸಬೇಕು. ಪೊಟ್ಯಾಸಿಯಂ ನೈಟ್ರೇಟ್ ಮತ್ತು ಫ್ಲೋರೈಡ್ ಎರಡೂ ಇರುವ ಪೇಸ್ಟನ್ನು ದಿನಕ್ಕೆರಡು ಬಾರಿ ಬಳಸಬೇಕು, ಮಕ್ಕಳಿಗಾದರೆ ವೈದ್ಯರನ್ನು ಕೇಳಿ. ಉಗುಳಿದ ಮೇಲೆ ಬಾಯಿ ತೊಳೆಯದೆ ಬಿಟ್ಟರೆ ಫ್ಲೋರೈಡ್ ಹಲ್ಲಿನ ಮೇಲೆ ಉಳಿಯುತ್ತದೆ. ಗುಣ ತಿಳಿಯಲು 2ರಿಂದ 4 ವಾರ ಬೇಕಾಗುವುದರಿಂದ, ನಾಲ್ಕೇ ದಿನಕ್ಕೆ ಪೇಸ್ಟು ಬದಲಿಸಬಾರದು. ಇದ್ದಿಲ ಪುಡಿ ಎನಾಮಲನ್ನು ಇನ್ನಷ್ಟು ಸವೆಸುತ್ತದೆ. ಕಿತ್ತಳೆಯ ಕಾಲದಲ್ಲಿ, ಕೊಡಗಿನ ಕಪ್ಪು ಹುಳಿಯಾದ ಕಾಚಂಪುಳಿ ಹಾಕಿದ ಊಟದ ಮೇಲೂ, ಬರಿನೀರಿನಿಂದ ಮುಕ್ಕಳಿಸಿ ಅರ್ಧ ಗಂಟೆಯಾದರೂ ಬಿಟ್ಟು ಬ್ರಶ್ ಮಾಡಬೇಕು. ಹುಳಿಯಿಂದ ಮೆದುವಾದ ಎನಾಮಲ್ ಕೂಡಲೇ ಉಜ್ಜಿದರೆ ಬೇಗ ಸವೆಯುತ್ತದೆ.

ಬಿಸಿ ಕಾಫಿ ಕುಡಿದ ಮೇಲೆ ನೋವು ನಿಮಿಷಗಟ್ಟಲೆ ನಿಂತರೆ, ಒಂದೇ ಹಲ್ಲು ನಿದ್ದೆಗೆಡಿಸಿದರೆ, ವಸಡು ಬಾತರೆ ಮನೆಮದ್ದಿನಲ್ಲಿ ದಿನ ಕಳೆಯಬಾರದು. ನಮ್ಮಲ್ಲಿ ಹಲವರು ತಂತಿ ಬಿಗಿಸಲು ಮೈಸೂರಿಗೋ ಮಂಗಳೂರಿಗೋ ಹೋಗುವವರು, ಮಳೆಗಾಲದಲ್ಲಿ ಆ ಪ್ರಯಾಣ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಅಂಥ ಹೊತ್ತಿನಲ್ಲಿ ತಮ್ಮ ವೈದ್ಯರಿಗೆ ಫೋನ್ ಮಾಡಿ ಲಕ್ಷಣ ವಿವರಿಸಿ, ಅವರು ಹೇಳಿದರೆ ಹತ್ತಿರದ ದಂತವೈದ್ಯರಲ್ಲಿ ಅಥವಾ ವಿರಾಜಪೇಟೆಯ ದಂತ ವೈದ್ಯಕೀಯ ಕಾಲೇಜಿನಲ್ಲಿ ತೋರಿಸಿಕೊಳ್ಳಬಹುದು.