ತಟ್ಟೆಯಲ್ಲಿರುವ ಕಬ್ಬಿಣ, ಸತು ಮೈಗೆ ಹತ್ತಬೇಕಾದರೆ

ಶಿರಸಿಯಲ್ಲಿ ಹುಡುಗಿಯರ ಪಿ.ಜಿ. ಒಂದರ ಅಡುಗೆಮನೆ ನಾನು ನೋಡಿಕೊಳ್ಳುತ್ತೇನೆ. ತವರು ಕುಮಟಾ. ಹಿಮೋಗ್ಲೋಬಿನ್ ರಿಪೋರ್ಟ್ ಹಿಡಿದು ಬರುವವರೆಲ್ಲ ಕೇಳುವುದು ಒಂದೇ: "ಅಕ್ಕಾ, ಏನು ತಿನ್ನಲಿ?" ಏನು ಅನ್ನೋದಕ್ಕಿಂತ ಯಾವುದರ ಜೊತೆ, ಯಾವ ಹೊತ್ತಿಗೆ ಅನ್ನೋದನ್ನು ಮೊದಲು ನೋಡಿ ಅಂತೀನಿ ನಾನು.

ಒಂದು ಹಾಳೆ ತಗೊಳ್ಳಿ. ನಿನ್ನೆ ಬೆಳಗಿನಿಂದ ಬಾಯಿಗೆ ಹೋದದ್ದನ್ನೆಲ್ಲ ಬರೆಯಿರಿ. ಚಹಾ ಕುಡಿದ ಹೊತ್ತನ್ನೂ ಬರೆಯಿರಿ, ಅದು ಮುಖ್ಯ.

ಈಗ ಲೆಕ್ಕ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ 2020ರ ಪಟ್ಟಿಯ ಪ್ರಕಾರ ದಿನಕ್ಕೆ ಹೆಂಗಸರಿಗೆ 29 ಮಿಲಿಗ್ರಾಂ ಕಬ್ಬಿಣ ಬೇಕು, ಗಂಡಸರಿಗೆ 19. ಸತು ಹೆಂಗಸರಿಗೆ ಸುಮಾರು 13, ಗಂಡಸರಿಗೆ 17. ನಮ್ಮ ಹಾಳೆಯಲ್ಲಿ ಅನ್ನವೇ ತುಂಬಿರುತ್ತದೆ, ಅಲ್ವಾ? 100 ಗ್ರಾಂ ಪಾಲಿಶ್ ಅಕ್ಕಿಯಲ್ಲಿ 1 ಮಿಲಿಗ್ರಾಂ ಕಬ್ಬಿಣವೂ ಇಲ್ಲ. ಅಷ್ಟೇ ತೂಕದ ಒಣ ಹೆಸರುಕಾಳು, ಅಳಸಂದೆಯಲ್ಲಿ 5ರ ಆಸುಪಾಸು. ಹಾಗಾಗಿ ಅನ್ನ ಒಂದು ಸೌಟು ಇಳಿಯಲಿ, ಕಾಳು ಪಲ್ಯ ಒಂದು ಸೌಟು ಏರಲಿ. ಬೆಲ್ಲ ತಿಂದರೆ ರಕ್ತ ಬರುತ್ತದೆ ಅನ್ನುವವರಿಗೆ ಒಂದು ಮಾತು: 10 ಗ್ರಾಂ ಬೆಲ್ಲದಲ್ಲಿ ಅರ್ಧ ಮಿಲಿಗ್ರಾಂ ಕಬ್ಬಿಣ ಸಿಕ್ಕರೆ ದೊಡ್ಡದು. ಜೋನಿ ಬೆಲ್ಲ ದೋಸೆಗೆ ರುಚಿ ಅಂತ ತಿನ್ನಿ, ಔಷಧಿ ಅಂತ ಬೇಡ.

ಸೊಪ್ಪು, ಕಾಳಿನ ಕಬ್ಬಿಣ ಮೈಗೆ ಹತ್ತುವುದು ಕಡಿಮೆ. ಹತ್ತಿಸುವುದು ಹುಳಿ, ಅದರಲ್ಲೂ ಸಿ ವಿಟಮಿನ್. ಆದರೆ ಕುದಿಸಿದರೆ ಅದು ಅರ್ಧಂಬರ್ಧ ಹೋಗಿಬಿಡುತ್ತದೆ. ಹರಿವೆ ಪಲ್ಯ ಒಲೆಯಿಂದ ಇಳಿಸಿ, ಬಿಸಿ ತುಸು ಆರಿದ ಮೇಲೆ ಲಿಂಬೆ ಹಿಂಡಿ. ಮಾವಿನ ಕಾಲದಲ್ಲಿ ಹಸಿ ಅಪ್ಪೆಕಾಯಿ ತುರಿದು ಕೋಸಂಬರಿಗೆ ಹಾಕಿ. ಊಟದ ಕೊನೆಗೆ ಒಂದು ಪೇರಲೆಹಣ್ಣು ಸಿಕ್ಕರೆ ಇನ್ನೂ ಒಳ್ಳೆಯದು. ಒಂದೆಲಗದ ತಂಬುಳಿ ನನಗೂ ಪ್ರಾಣ, ಆದರೆ ಕಬ್ಬಿಣದ ಲೆಕ್ಕಕ್ಕೆ ಅದನ್ನು ಹಿಡಿಯಬೇಡಿ. ಮಜ್ಜಿಗೆಯ ಕ್ಯಾಲ್ಸಿಯಂ ಕಬ್ಬಿಣಕ್ಕೆ ಅಡ್ಡ ಬರುತ್ತದೆ.

ದೊಡ್ಡ ಕಳ್ಳ ಚಹಾ. ತಿಂಡಿಯ ಜೊತೆಗೇ ಕುಡಿದರೆ ಅದರ ಒಗರು ಕಬ್ಬಿಣವನ್ನು ಹಿಡಿದುಬಿಡುತ್ತದೆ. ತಿಂಡಿ ಎಂಟಕ್ಕಾದರೆ ಚಹಾ ಒಂಬತ್ತಕ್ಕೋ ಒಂಬತ್ತೂವರೆಗೋ ಆಗಲಿ. ನಮ್ಮಲ್ಲಿ ಹಾಗೆ ಮಾಡಿದಾಗ ಹುಡುಗಿಯರು ಮುಖ ಊದಿಸಿಕೊಂಡರು. ಚಹಾದ ಪಾತ್ರೆ ನನ್ನ ಕೈಲಿದೆಯಲ್ಲ, ಒಪ್ಪಿಕೊಂಡರು.

ಇನ್ನು ಸತು. ಕಾಳು, ತೌಡಿನಲ್ಲಿರುವ ಫೈಟೇಟ್ ಅನ್ನುವ ಅಂಶ ಸತುವನ್ನೂ ಕಬ್ಬಿಣವನ್ನೂ ಬಿಟ್ಟುಕೊಡುವುದಿಲ್ಲ. ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರು ಚೆಲ್ಲಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ. ಶಿರಸಿಯ ಮಳೆಗಾಲದಲ್ಲಿ ಗಂಟು ಒಲೆಯ ಪಕ್ಕ ಇಡಬೇಕು, ಇಲ್ಲದಿದ್ದರೆ ಮೊಳಕೆಗಿಂತ ಮೊದಲು ವಾಸನೆ ಬರುತ್ತದೆ. ಹುದುಗಿದ ದೋಸೆ, ಇಡ್ಲಿ ಹಿಟ್ಟಿಗೂ ಇದೇ ಗುಣ ಇದೆ. ಗೇರುಬೀಜ ಒಂದು ಮುಷ್ಟಿ ತಿಂದರೆ ಸತು, ತಾಮ್ರ ಎರಡೂ ಸಿಗುತ್ತವೆ. ತಾಮ್ರದ ಚಿಂತೆ ಅಷ್ಟಕ್ಕೇ ಸಾಕು. ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆಯಲ್ಲಿ ಮಾತ್ರ ಮಜ್ಜಿಗೆ, ಹುಳಿ ಇಡಬೇಡಿ.

ಮೀನು ತಿನ್ನುವವರ ಕೆಲಸ ಸುಲಭ. ಅಘನಾಶಿನಿ ಹೊಳೆಯ ಅಳಿವೆಯಲ್ಲಿ ಸಿಗುವ ಬಳಚು ಅನ್ನುವ ಚಿಪ್ಪುಮೀನಿನಲ್ಲಿ ಕಬ್ಬಿಣ, ಸತು, ಸೆಲೆನಿಯಂ ಮೂರೂ ಇವೆ. ಪ್ರಾಣಿಮೂಲದ ಕಬ್ಬಿಣ ಬೇಗ ಹತ್ತುತ್ತದೆ, ಜೊತೆಗಿರುವ ಕಾಳಿನ ಕಬ್ಬಿಣವನ್ನೂ ಹತ್ತಿಸುತ್ತದೆ. ಬೇಯಿಸಿದ ಮೇಲೂ ಬಾಯಿ ಬಿಡದ ಚಿಪ್ಪು ಬಿಸಾಡಿ. ಒಣ ಶೆಟ್ಲಿ (ಸಿಗಡಿ) ಚಟ್ನಿಯೂ ಆಗುತ್ತದೆ, ಉಪ್ಪು ನೋಡಿಕೊಂಡು.

ಪಲ್ಯ, ಹುಳಿಯಿರುವ ಗೊಜ್ಜನ್ನು ಕಬ್ಬಿಣದ ಬಾಣಲೆಯಲ್ಲಿ ಮಾಡಿ. ಹುಳಿ ಬಿದ್ದಷ್ಟೂ ಬಾಣಲೆಯಿಂದ ಒಂದಿಷ್ಟು ಕಬ್ಬಿಣ ಇಳಿಯುತ್ತದೆ. ಬಣ್ಣ ಕಪ್ಪಾಗುತ್ತದೆ, ಆಗಲಿ ಬಿಡಿ. ಆದ ತಕ್ಷಣ ಬೇರೆ ಪಾತ್ರೆಗೆ ತೆಗೆಯಿರಿ.

ಉಪ್ಪಿನ ವಿಷಯದಲ್ಲಿ ಕರಾವಳಿಯವರಿಗೆ ಒಂದು ಭ್ರಮೆ. ಸಮುದ್ರದ ಉಪ್ಪು, ಅಯೋಡಿನ್ ಇದ್ದೇ ಇರುತ್ತದೆ ಅಂತ. ಬೆರೆಸದಿದ್ದರೆ ಕಲ್ಲುಪ್ಪಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಕಲ್ಲುಪ್ಪು ಮಿಡಿ ಉಪ್ಪಿನಕಾಯಿಗೆ ಇರಲಿ, ದಿನದ ಅಡುಗೆಗೆ ಅಯೋಡಿನ್ ಉಪ್ಪು ಬಳಸಿ. ಜೂನ್ ಬಂತೆಂದರೆ ಭರಣಿಯ ಉಪ್ಪು ನೀರೊಡೆಯುತ್ತದೆ, ಅಯೋಡಿನ್ ಆ ನೀರಿನಲ್ಲೇ ಹೋಗುತ್ತದೆ. ಸಣ್ಣ ಪ್ಯಾಕೆಟ್ ತನ್ನಿ, ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ, ಒಲೆಯಿಂದ ದೂರ ಇಡಿ, ಅಡುಗೆಗೆ ಕೊನೆಯಲ್ಲಿ ಹಾಕಿ. ದೊಡ್ಡವರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಅಯೋಡಿನ್ ಬೇಕು. ಅಂಗಡಿಯ ಉಪ್ಪಿನಲ್ಲಿ ಗ್ರಾಂಗೆ 15 ಮೈಕ್ರೋಗ್ರಾಂ ಆದರೂ ಇರಬೇಕು ಅನ್ನುವುದು ನಿಯಮ. ಹಾಗಂತ ಉಪ್ಪು ಜಾಸ್ತಿ ಮಾಡಬೇಡಿ. ದಿನಕ್ಕೆ 5 ಗ್ರಾಂ ದಾಟಬಾರದು, ಉಳಿದದ್ದನ್ನು ಮೀನು, ಹಾಲು, ಮೊಟ್ಟೆ ತುಂಬುತ್ತವೆ.

ಹೆಂಗಸರಲ್ಲಿ ಹಿಮೋಗ್ಲೋಬಿನ್ 12ಕ್ಕಿಂತ, ಬಸುರಿಯರಲ್ಲಿ 11ಕ್ಕಿಂತ ಕೆಳಗಿದ್ದರೆ ಅಡುಗೆಮನೆಯಲ್ಲೇ ಸರಿಮಾಡುತ್ತೇನೆ ಅಂತ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ. ಕಬ್ಬಿಣದ ಮಾತ್ರೆ ಕೊಟ್ಟರೆ ನೀರಿನ ಜೊತೆ ನುಂಗಿ, ಹಾಲು, ಚಹಾ ಬೇಡ. ಮಲ ಕಪ್ಪಾದರೆ ಗಾಬರಿಯಾಗಬೇಡಿ, ಅದು ಮಾತ್ರೆಯ ಬಣ್ಣ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಪೊಟ್ಟಣವನ್ನು ಕೈಗೆಟುಕದ ಕಡೆ ಇಡಿ. ಮಿಠಾಯಿ ಅಂತ ನಾಲ್ಕಾರು ನುಂಗಿದರೂ ಮಗುವಿನ ಜೀವಕ್ಕೆ ಅಪಾಯ.